ಟ್ಯೂಬಿಂಗನ್‌ಗೆ ಹೊರಟವಳಿಗೆ

ನೀನು ಕಳಿಸಿದ ಪಟ್ಟಿ ಓದಿದೆ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಪ್ರಾಗ್, ವೆನಿಸ್, ಇಂಟರ್‌ಲಾಕನ್, ಸಾಧ್ಯವಾದರೆ ಬಾರ್ಸಿಲೋನಾ. ಯಾವ ಶುಕ್ರವಾರ ಸಂಜೆ ಯಾವ ಬಸ್ಸು, ಯಾವ ಭಾನುವಾರ ರಾತ್ರಿ ಯಾವ ರೈಲು, ಎಲ್ಲವೂ ಅಚ್ಚುಕಟ್ಟು. ಒಂದೂರಿನ ಹೆಸರು ಮಾತ್ರ ಅದರಲ್ಲಿಲ್ಲ. ಅಕ್ಟೋಬರಿನಿಂದ ಫೆಬ್ರವರಿವರೆಗೆ ನೀನು ಓದಲು ಹೋಗುತ್ತಿರುವ ಟ್ಯೂಬಿಂಗನ್.

‘ಅಲ್ಲಿ ಹೇಗೂ ಇರ್ತೀನಲ್ಲ ಅತ್ತೆ’ ಅನ್ನುತ್ತೀಯ. ಇರುವುದು ಅಷ್ಟು ಸುಲಭವಲ್ಲ ಕಣೇ. ಸೋಮವಾರದಿಂದ ಗುರುವಾರದವರೆಗೆ ನಿದ್ದೆಗಣ್ಣಿನಲ್ಲಿ ತರಗತಿಗೆ ಹೋಗಿ, ಮಿಕ್ಕ ದಿನಗಳನ್ನು ಯಾವುದೋ ದೇಶದ ಬಸ್ ನಿಲ್ದಾಣದಲ್ಲಿ ಬ್ಯಾಗು ತಬ್ಬಿಕೊಂಡು ಕಳೆದು, ಕೊನೆಗೆ ಹೋದ ಪುಟ್ಟ ಬಂದ ಪುಟ್ಟ ಎಂದು ಮರಳಿದ ಹುಡುಗ ಹುಡುಗಿಯರನ್ನು ನಾನು ಅಲ್ಲಿದ್ದಾಗ ಬೇಕಾದಷ್ಟು ನೋಡಿದೆ. ಅವರ ಫೋನಿನಲ್ಲಿ ಐಫೆಲ್ ಗೋಪುರ ಇರುತ್ತಿತ್ತು. ಪಕ್ಕದ ಕೋಣೆಯವಳ ಹೆಸರು ಗೊತ್ತಿರುತ್ತಿರಲಿಲ್ಲ. ಪಟ್ಟಿಯಲ್ಲಿ ಎರಡು ಊರು ಇಟ್ಟುಕೋ, ಮಿಕ್ಕಿದ್ದನ್ನು ಹೊಡೆದುಹಾಕು. ಪ್ಯಾರಿಸ್ ನಿನ್ನ ಮದುವೆಯಾದ ಮೇಲೂ ಇರುತ್ತದೆ, ಸಂಬಳ ಬಂದ ಮೇಲೂ ಇರುತ್ತದೆ. ಒಂದು ಹಳೆಯ ಊರಿನಲ್ಲಿ ವಿದ್ಯಾರ್ಥಿಯಾಗಿ ಐದು ತಿಂಗಳು ಬಾಳುವ ಅವಕಾಶ ಮತ್ತೆ ಸಿಗುವುದು ಕಷ್ಟ.

ಟ್ಯೂಬಿಂಗನ್ ಪುಟ್ಟ ಊರು. ಸುಮಾರು 90,000 ಜನ. ವಿಶ್ವವಿದ್ಯಾಲಯದಲ್ಲಿ ಓದುವವರೇ 28,000ದ ಆಸುಪಾಸು. 1477ರಲ್ಲಿ ಎಬರ್‌ಹಾರ್ಡ್ ಎಂಬ ಗಡ್ಡಧಾರಿ ಕೌಂಟ್ ಅದನ್ನು ಸ್ಥಾಪಿಸಿದ. ನಮ್ಮ ಬೀದರಿನಲ್ಲಿ ಮಹಮೂದ್ ಗವಾನ್ ಮದರಸಾ ಕಟ್ಟಿಸಿದ್ದು ಅದಕ್ಕೂ ಐದು ವರ್ಷ ಮೊದಲು, 1472ರಲ್ಲಿ. ಗವಾನನದು ಈಗ ಸ್ಮಾರಕ. ಎಬರ್‌ಹಾರ್ಡನದರಲ್ಲಿ ನೀನು ಹೋಗಿ ಬೆಂಚಿನ ಮೇಲೆ ಕೂರುತ್ತೀಯ. ಇದು ನೆನಪಾದಾಗಲೆಲ್ಲ ನನಗೆ ಸ್ವಲ್ಪ ಚುಚ್ಚುತ್ತದೆ, ಇರಲಿ. ಎರಡನೇ ಮಹಾಯುದ್ಧದಲ್ಲಿ ಹತ್ತಿರದ ಸ್ಟುಟ್‌ಗಾರ್ಟ್ ಬಾಂಬಿಗೆ ಸಿಕ್ಕಿ ನೆಲಕಚ್ಚಿದರೂ ಈ ಊರು ಬಹುಮಟ್ಟಿಗೆ ಉಳಿದುಕೊಂಡಿತು. ಹಾಗಾಗಿ ಅಲ್ಲಿ ಕಾಣುವ ಮರದ ಚೌಕಟ್ಟಿನ ಓರೆಕೋರೆ ಮನೆಗಳು ಪ್ರವಾಸಿಗರಿಗಾಗಿ ಮರಳಿ ಕಟ್ಟಿದವಲ್ಲ. ಒಳಗೆ ಜನ ಇದ್ದಾರೆ, ರಾತ್ರಿ ಹತ್ತರ ಮೇಲೆ ನೀನು ಬೀದಿಯಲ್ಲಿ ಜೋರಾಗಿ ನಕ್ಕರೆ ಕಿಟಕಿ ತೆರೆದು ಬೈಯುತ್ತಾರೆ.

ನೀನು ಓದುತ್ತಿರುವುದು ಜೀವವಿಜ್ಞಾನ. ಅಂದಮೇಲೆ ಮೊದಲ ವಾರವೇ ಬೆಟ್ಟ ಹತ್ತಿ ಹೋಹೆನ್‌ಟ್ಯೂಬಿಂಗನ್ ಕೋಟೆಗೆ ಹೋಗು. ಆ ಕೋಟೆಯ ಅಡುಗೆಮನೆ 19ನೇ ಶತಮಾನದಲ್ಲಿ ಪ್ರಯೋಗಾಲಯವಾಗಿತ್ತು. ಬಾಸೆಲ್‌ನಿಂದ ಬಂದ ಫ್ರೀಡ್ರಿಶ್ ಮೀಶರ್ ಎಂಬ ಹುಡುಗ, ಆಸ್ಪತ್ರೆಯಲ್ಲಿ ಗಾಯಕ್ಕೆ ಸುತ್ತಿದ ಬಟ್ಟೆಗಳನ್ನು ತರಿಸಿಕೊಂಡು, ಅವುಗಳ ಕೀವಿನಿಂದ ಬಿಳಿರಕ್ತಕಣ ತೆಗೆದು, ಆ ಕಣಗಳ ನಡುಬೀಜದಿಂದ ಒಂದು ಹೊಸ ಪದಾರ್ಥವನ್ನು 1869ರಲ್ಲಿ ಬೇರ್ಪಡಿಸಿದ. ಅದಕ್ಕೆ ‘ನ್ಯೂಕ್ಲಿಯಿನ್’ ಎಂದು ಹೆಸರಿಟ್ಟ. ನಾವು ಇವತ್ತು ಡಿಎನ್‌ಎ ಅನ್ನುವುದು ಅದನ್ನೇ. ಅವನಿಗಾಗ ಇಪ್ಪತ್ತೈದರ ಆಸುಪಾಸು. ಅವನೂ ಹೊರಗಿನವನೇ, ಅಲ್ಲಿ ಇದ್ದದ್ದು ಎರಡು ವರ್ಷಕ್ಕೂ ಕಡಿಮೆ. ಐದು ತಿಂಗಳಲ್ಲಿ ಏನಾಗುತ್ತದೆ ಎಂದು ಗೊಣಗುವ ಮುಂಚೆ ಆ ಅಡುಗೆಮನೆಯ ಕಲ್ಲಿನ ಕಮಾನುಗಳ ಕೆಳಗೆ ಸ್ವಲ್ಪ ಹೊತ್ತು ನಿಲ್ಲು. ಅದೇ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಮ್ಯಾಮತ್ ದಂತದಲ್ಲಿ ಕೆತ್ತಿದ ಒಂದು ಕುದುರೆಯಿದೆ. ಐದು ಸೆಂಟಿಮೀಟರ್ ಕೂಡ ಉದ್ದವಿಲ್ಲ, ವಯಸ್ಸು ಮಾತ್ರ ಮೂವತ್ತೈದು ಸಾವಿರ ವರ್ಷಕ್ಕೂ ಮಿಕ್ಕಿದ್ದು. ಅದರ ಮುಂದೆ ಸೆಲ್ಫಿ ತೆಗೆಯಲು ಹೋಗಬೇಡ, ಗಾಜಿನಲ್ಲಿ ನಿನ್ನ ಮುಖವೇ ಕಾಣುತ್ತದೆ.

ಇನ್ನೊಬ್ಬರ ವಿಷಯ ಹೇಳದೆ ಕನ್ನಡದವರು ಆ ಊರಿನ ಮಾತು ಎತ್ತಬಾರದು. ಶಾಲೆಯಲ್ಲಿ ನಿನಗೆ ಕಿಟೆಲ್ ಹೆಸರು ಒಂದು ಅಂಕದ ಪ್ರಶ್ನೆಯಾಗಿ ಬಂದಿರುತ್ತದೆ. 1832ರಲ್ಲಿ ಜರ್ಮನಿಯ ಉತ್ತರ ಕರಾವಳಿಯ ಸೀಮೆಯಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟೆಲ್ ಬಾಸೆಲ್ ಮಿಷನ್ ಮೂಲಕ 1853ರಲ್ಲಿ ಇಲ್ಲಿಗೆ ಬಂದಾಗ ಇನ್ನೂ ಇಪ್ಪತ್ತೊಂದರ ಹುಡುಗ, ಹೆಚ್ಚುಕಡಿಮೆ ನಿನ್ನ ವಯಸ್ಸು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು ಅವರ ಕನ್ನಡ–ಇಂಗ್ಲಿಷ್ ನಿಘಂಟು, ಸುಮಾರು 70,000 ಪದಗಳದ್ದು. ಎರಡು ವರ್ಷ ಕಳೆದು ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ನೀನು ಹೋಗುತ್ತಿರುವ ವಿಶ್ವವಿದ್ಯಾಲಯವೇ. ಕೊನೆಗಾಲ ಕಳೆದದ್ದೂ ಟ್ಯೂಬಿಂಗನ್‌ನಲ್ಲಿ. 1903ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಅವರಿಗಿಂತ ಮೊದಲಿನವರು ಹರ್ಮನ್ ಮೋಗ್ಲಿಂಗ್. ಟ್ಯೂಬಿಂಗನ್‌ನಲ್ಲಿ ದೇವಶಾಸ್ತ್ರ ಓದಿ, 1836ರಲ್ಲಿ ಮಂಗಳೂರಿಗೆ ಬಂದು, 1843ರಲ್ಲಿ ‘ಮಂಗಳೂರು ಸಮಾಚಾರ’ ಎಂಬ ಮೊದಲ ಕನ್ನಡ ಪತ್ರಿಕೆ ತಂದರು. ಅವರ ಕನ್ನಡ ಕೆಲಸಕ್ಕೂ ಅದೇ ವಿಶ್ವವಿದ್ಯಾಲಯ 1858ರಲ್ಲಿ ಡಾಕ್ಟರೇಟ್ ಕೊಟ್ಟಿತು.

ಇವರು ಬಂದದ್ದು ಮತ ಹರಡಲು, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಕೋಶ ಓದು, ದೇಶ ಸುತ್ತು ಎಂದು ನಮ್ಮವರು ಗಾದೆ ಮಾಡಿಕೊಂಡು ಕೂತಿದ್ದರೆ ಈ ಕಿಟೆಲ್ ಮಹಾರಾಯ ದೇಶ ಸುತ್ತಿ ಕೋಶವನ್ನೇ ಬರೆದುಬಿಟ್ಟ. ಆ ನಿಘಂಟನ್ನು ಎಲ್ಲಾದರೂ ತೆರೆದು ನೋಡು. ಪಂಪನ ಕಾಲದ ಪದಗಳ ಜೊತೆಗೇ ಜನ ಆಡುವ ಗಾದೆ, ಬಳಕೆಮಾತು ಸಾಲುಸಾಲಾಗಿ ಸಿಗುತ್ತವೆ. ಅವನ್ನು ಗ್ರಂಥಾಲಯದಲ್ಲಿ ಕೂತು ಸಂಪಾದಿಸಲಾಗುವುದಿಲ್ಲ. ಅಂಗಳದಲ್ಲಿ, ಸಂತೆಯಲ್ಲಿ ಕಿವಿಗೊಟ್ಟು ನಿಲ್ಲಬೇಕು. ನಿನಗೆ ನಿಘಂಟು ಬರೆಯಲು ಯಾರೂ ಹೇಳುತ್ತಿಲ್ಲ. ನೀನಿರುವ ಮನೆಯ ಮೆಟ್ಟಿಲಲ್ಲಿ ಎದುರಾಗುವ ಅಜ್ಜಿಯ ಜೊತೆ ಹವಾಮಾನದ ಬಗ್ಗೆ ನಾಲ್ಕು ಮಾತು ಅವಳ ಭಾಷೆಯಲ್ಲಿ ಆಡುವಷ್ಟು ಕಲಿ, ಸಾಕು.

ಅದಕ್ಕೆ ದಾರಿಯಿದೆ. ಸೆಮಿಸ್ಟರ್ ಶುರುವಾಗುವ ಮೊದಲು ನಡೆಯುವ ಭಾಷಾ ತರಗತಿಗೆ ಸೇರು. ‘ನನ್ನ ಪಾಠವೆಲ್ಲ ಇಂಗ್ಲಿಷಿನಲ್ಲೇ’ ಎಂದು ಅದನ್ನು ಬಿಟ್ಟವರು ಐದು ತಿಂಗಳೂ ವಿದೇಶಿ ವಿದ್ಯಾರ್ಥಿಗಳ ಗುಂಪಿನೊಳಗೇ ಸುತ್ತುತ್ತಾರೆ. ನೀನು ತಡವರಿಸಿದ ಕೂಡಲೇ ಅಲ್ಲಿಯವರು ಉಪಕಾರ ಮಾಡುವವರ ಹಾಗೆ ಇಂಗ್ಲಿಷಿಗೆ ಹೊರಳುತ್ತಾರೆ. ನೀನು ಹೊರಳಬೇಡ, ನಗುತ್ತಾ ಜರ್ಮನ್‌ನಲ್ಲೇ ಮುಂದುವರಿಸು. ಸಿಟಿ ಹಾಲ್ ಎದುರಿನ ಚೌಕದಲ್ಲಿ ಸೋಮವಾರ, ಬುಧವಾರ, ಶುಕ್ರವಾರ ರೈತರ ಸಂತೆ. ಆ ಸಿಟಿ ಹಾಲ್ 1435ರದ್ದು, ಅದರ ನೆತ್ತಿಯ ಮೇಲಿನ ಖಗೋಳ ಗಡಿಯಾರ 1511ರದ್ದು. ಸಂತೆಯಲ್ಲಿ ಒಂದೇ ಅಂಗಡಿಗೆ ಪ್ರತಿ ವಾರ ಹೋಗು. ತರಕಾರಿಯನ್ನು ದೇವರಾಜ ಮಾರುಕಟ್ಟೆಯಲ್ಲಿ ಮಾಡುವಂತೆ ಕೈಯಲ್ಲಿ ಹಿಡಿದು ಒತ್ತಿ ನೋಡಬೇಡ. ಬೇಕಾದ್ದನ್ನು ಹೇಳಬೇಕು, ಅವರೇ ಆರಿಸಿ ಕೊಡುತ್ತಾರೆ. ಚೌಕಾಸಿ ಇಲ್ಲ. ಮೂರನೇ ವಾರ ಅಂಗಡಿಯಾಕೆಗೆ ನಿನ್ನ ಮುಖ ಗುರುತಾಗುತ್ತದೆ, ಐದನೇ ವಾರ ಕೇಳದೆಯೇ ಒಂದು ಕಂತೆ ಸೊಪ್ಪು ಚೀಲಕ್ಕೆ ಬೀಳುತ್ತದೆ. ಆಕೆ ಆಡುವುದು ಸ್ವೇಬಿಯನ್, ಆ ಸೀಮೆಯ ಆಡುನುಡಿ. ನೀನು ತರಗತಿಯಲ್ಲಿ ಕಲಿತ ಜರ್ಮನ್ ಅಲ್ಲಿ ಅರ್ಧವೂ ಕೆಲಸಕ್ಕೆ ಬರುವುದಿಲ್ಲ. ಹೆದರಬೇಡ. ಮೈಸೂರಿನವಳಾದ ನಿನಗೆ ಧಾರವಾಡದ ಮಾತು ಹಿಡಿಯಲು ಎರಡು ದಿನ ಬೇಕಾಯಿತಲ್ಲ, ಅದಕ್ಕಿಂತ ಸ್ವಲ್ಪ ಹೆಚ್ಚು.

ಸ್ವೇಬಿಯದವರು ಬಿಗಿ ಜನ. ಹೊಗಳಿಕೆ ಬಾಯಿಗೆ ಬರುವುದಿಲ್ಲ, ಬೈಯದೆ ಇದ್ದರೆ ಮೆಚ್ಚಿದರೆಂದೇ ಲೆಕ್ಕ. ‘ಕೇರ್‌ವೋಖೆ’ ಎಂಬ ಪದ್ಧತಿಯಿದೆ. ಮನೆಮನೆಗೆ ವಾರದ ಸರದಿಯಲ್ಲಿ ಮೆಟ್ಟಿಲು, ಓಣಿ ಗುಡಿಸುವ ಹೊಣೆ. ಸರದಿಯ ಬಿಲ್ಲೆ ನಿನ್ನ ಬಾಗಿಲಿಗೆ ತೂಗಿದಾಗ ಮೆಟ್ಟಿಲು ಚೊಕ್ಕಟವಾಗಿದ್ದರೂ ಗುಡಿಸು. ಕಸಕ್ಕೆ ಬೇರೆಬೇರೆ ಡಬ್ಬಿ, ಬಾಟಲಿಗೆ ಠೇವಣಿ: ಪ್ಲಾಸ್ಟಿಕ್ ಬಾಟಲಿಯೊಂದಕ್ಕೆ 25 ಸೆಂಟ್, ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸು. ಕಾಫಿಗೆ ನಿನ್ನದೇ ಲೋಟ ಒಯ್ಯಿ. 2022ರಿಂದ ಅಲ್ಲಿಯ ನಗರಸಭೆ ಬಿಸಾಡುವ ಕಪ್ಪು, ಡಬ್ಬಿಗಳ ಮೇಲೆ 50 ಸೆಂಟ್ ತೆರಿಗೆ ಹಾಕಿದೆ. ಊಟದಂಗಡಿಯವರು ಅದನ್ನು ಪ್ರಶ್ನಿಸಿ ಜರ್ಮನಿಯ ಸಂವಿಧಾನ ನ್ಯಾಯಾಲಯದವರೆಗೆ ಹೋದರೂ 2025ರಲ್ಲಿ ತೆರಿಗೆಯೇ ಗೆದ್ದಿತು. ಭಾನುವಾರ ಅಂಗಡಿಗಳೆಲ್ಲ ಬಂದ್. ಶನಿವಾರವೇ ಅಕ್ಕಿ, ಮೊಸರು ತಂದಿಟ್ಟುಕೋ. ಭಾನುವಾರ ವಾಷಿಂಗ್ ಮಷೀನ್ ಓಡಿಸಿದರೂ ಕೆಳಮನೆಯವರ ಹುಬ್ಬು ಗಂಟಿಕ್ಕುತ್ತದೆ.

ಆ ಖಾಲಿ ಭಾನುವಾರ ನಿನಗೆ ಮೊದಲು ಶಿಕ್ಷೆಯಂತೆ ಕಾಣುತ್ತದೆ. ನನ್ನ ಕೇಳಿದರೆ ಅಲ್ಲಿಯ ಅತ್ಯುತ್ತಮ ಸೌಕರ್ಯ ಅದೇ. ಊರೆಲ್ಲ ನಡೆಯಲು ಹೊರಡುತ್ತದೆ. ನೀನೂ ಬೂಟು ಹಾಕಿಕೊಂಡು ಹೊರಡು. ಕೋಟೆಯ ಹಿಂದಿನ ದಿಬ್ಬದ ಮೇಲೆ ನಡೆದರೆ ವುರ್ಮ್‌ಲಿಂಗನ್ ಚಾಪೆಲ್. ಉತ್ತರಕ್ಕೆ ಹೋದರೆ ಬೇಬೆನ್‌ಹೌಸನ್ ಮಠ, ಅದರಾಚೆ ಶೋನ್‌ಬುಖ್ ಕಾಡು. ಊರೊಳಗೇ ಇದ್ದರೆ ನೆಕ್ಕರ್ ನದಿಯ ನಡುಗಡ್ಡೆಯಲ್ಲಿ ಪ್ಲೇನ್ ಮರಗಳ ಸಾಲಿನ ಕೆಳಗೆ ಹೋಗು. ಎದುರು ದಡದಲ್ಲಿ ಹಳದಿ ಗೋಪುರದ ಮನೆ ಕಾಣುತ್ತದೆ. ಕವಿ ಹೋಲ್ಡರ್ಲಿನ್ ಬುದ್ಧಿ ಕೆಟ್ಟು ಆಸ್ಪತ್ರೆ ಸೇರಿದ್ದ. ಇನ್ನು ಹೆಚ್ಚೆಂದರೆ ಮೂರು ವರ್ಷ ಎಂದು 1807ರಲ್ಲಿ ವೈದ್ಯರು ಹೊರಗೆ ಕಳಿಸಿದರು. ಅವನ ಬರಹ ಮೆಚ್ಚಿದ್ದ ಬಡಗಿಯೊಬ್ಬ, ಎರ್ನ್ಸ್ಟ್ ಝಿಮ್ಮರ್, ಆ ಮನೆಯಲ್ಲಿ ಇಟ್ಟುಕೊಂಡ. ಕವಿ ಅಲ್ಲಿ ಮೂವತ್ತಾರು ವರ್ಷ ಬದುಕಿದ. ಬಡಗಿ ತೀರಿಹೋದ ಮೇಲೆ ಅವನ ಮಗಳು ನೋಡಿಕೊಂಡಳು. ಅದೇ ದಡದಲ್ಲಿ ಸ್ವಲ್ಪ ಮೇಲೆ ‘ಶ್ಟಿಫ್ಟ್’ ಇದೆ, ದೇವಶಾಸ್ತ್ರದ ವಿದ್ಯಾರ್ಥಿಗಳ ವಸತಿ. ಖಗೋಳಶಾಸ್ತ್ರದ ಕೆಪ್ಲರ್ ಅಲ್ಲಿದ್ದು ಓದಿದವನು. ಹೋಲ್ಡರ್ಲಿನ್, ಹೆಗಲ್, ಶೆಲಿಂಗ್ ಮೂವರೂ ಅಲ್ಲಿ ಒಟ್ಟಿಗಿದ್ದರು. ತತ್ವಜ್ಞಾನದ ಇತಿಹಾಸ ಬರೆಯುವವರು ಇದನ್ನು ದೊಡ್ಡದಾಗಿ ಹೇಳುತ್ತಾರೆ. ನನಗೆ ಮಾತ್ರ ಆ ಬಡಗಿಯ ಮನೆಯವರೇ ಹೆಚ್ಚು ಎನಿಸುತ್ತಾರೆ.

ಪಾಠದ ವಿಷಯಕ್ಕೆ ಬರೋಣ. ವೇಳಾಪಟ್ಟಿಯಲ್ಲಿ ಹತ್ತು ಗಂಟೆಯ ಮುಂದೆ ‘ಸಿ.ಟಿ.’ ಎಂದಿದ್ದರೆ ತರಗತಿ ಶುರುವಾಗುವುದು ಹತ್ತೂಕಾಲಿಗೆ. ಹಿಂದಿನಿಂದ ಬಂದ ಕಾಲು ಗಂಟೆಯ ರಿಯಾಯಿತಿ. ‘ಎಸ್.ಟಿ.’ ಎಂದಿದ್ದರೆ ಹತ್ತೆಂದರೆ ಹತ್ತೇ. ಉಪನ್ಯಾಸ ಮುಗಿದಾಗ ಚಪ್ಪಾಳೆ ತಟ್ಟುವುದಿಲ್ಲ, ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಮೊದಲ ದಿನ ಬೆಚ್ಚಬೇಡ. ಇಷ್ಟು ಮೋಜು. ಕಷ್ಟ ಇರುವುದು ಸೆಮಿನಾರಿನಲ್ಲಿ. ಹದಿನೈದಿಪ್ಪತ್ತು ಜನ ಮೇಜಿನ ಸುತ್ತ ಕೂತು ಮಾತಾಡುವ ಜಾಗ ಅದು. ನಾವು ಗುರುಗಳ ಮುಂದೆ ಸುಮ್ಮನಿರುವುದನ್ನು ಮರ್ಯಾದೆ ಎಂದು ಕಲಿತವರು. ಅಲ್ಲಿ ಸುಮ್ಮನಿದ್ದರೆ ಓದಿಕೊಂಡು ಬಂದಿಲ್ಲ ಎಂದೇ ತಿಳಿಯುತ್ತಾರೆ. ಪ್ರಾಧ್ಯಾಪಕರು ಹೇಳಿದ್ದು ನಿನಗೆ ಸರಿಕಾಣದಿದ್ದರೆ ಕಾರಣ ಕೊಟ್ಟು ಹೇಳು. ಅವರು ಮುಖ ಸಿಂಡರಿಸಿಕೊಂಡರೆ ಅದು ಯೋಚಿಸುವ ಮುಖ, ಸಿಟ್ಟಿನದಲ್ಲ. ಪ್ರತಿ ವಾರ ಅವರನ್ನು ಭೇಟಿಯಾಗಲು ನಿಗದಿಯಾದ ಹೊತ್ತಿರುತ್ತದೆ. ಮಿಂಚಂಚೆಯಲ್ಲಿ ಸಮಯ ಕೇಳಿಕೊಂಡು ಹೋಗು. ‘ರೆಸ್ಪೆಕ್ಟೆಡ್ ಸರ್’ ಎಂದು ಅರ್ಧ ಪುಟ ಬರೆಯಬೇಡ, ವಿಷಯ ಮೂರು ಸಾಲಿನಲ್ಲಿರಲಿ.

ಅಂಕ ನೋಡಿ ಅಮ್ಮನಿಗೆ ಫೋನ್ ಮಾಡಿ ಅಳಬೇಡ. ಅಲ್ಲಿ 1.0 ಅಂದರೆ ಅತ್ಯುತ್ತಮ, 4.0 ಅಂದರೆ ಹೇಗೋ ಪಾಸು. ಊರಿಗೆ ತಿಳಿಸುವಾಗ ಇದನ್ನೂ ಸೇರಿಸಿ ತಿಳಿಸು. ಇಲ್ಲವಾದರೆ ನಿಮ್ಮಪ್ಪ ‘ಒಂದೇ ಒಂದು ಬಂತಂತೆ’ ಎಂದು ಬೀದಿಗೆಲ್ಲ ಹೇಳಿಕೊಂಡು ಬರುತ್ತಾನೆ. ಹೋಗುವ ಮೊದಲೇ ‘ಲರ್ನಿಂಗ್ ಅಗ್ರಿಮೆಂಟ್’ ಮೇಲೆ ಎರಡೂ ಕಡೆಯ ಸಹಿ ಮಾಡಿಸು. ಯಾವ ಕೋರ್ಸಿಗೆ ಇಲ್ಲಿ ಯಾವ ಪತ್ರಿಕೆ ಸಮ, ಎಷ್ಟು ಕ್ರೆಡಿಟ್ ಎನ್ನುವುದು ಬರಹದಲ್ಲಿರಬೇಕು. ಯೂರೋಪಿನ ಲೆಕ್ಕದಲ್ಲಿ ಪೂರ್ತಿ ಸೆಮಿಸ್ಟರ್ ಎಂದರೆ 30 ಕ್ರೆಡಿಟ್, ಒಂದೊಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆಯ ಕೆಲಸ. ಅಷ್ಟನ್ನೂ ಹೊರಬೇಡ. ನಿನ್ನ ಕಾಲೇಜಿಗೆ ಎಷ್ಟು ಬೇಕೋ ಅಷ್ಟು ತೆಗೆದುಕೊಂಡು, ನಿನ್ನ ವಿಷಯಕ್ಕೆ ಸಂಬಂಧವೇ ಇಲ್ಲದ ಒಂದು ತರಗತಿಯಲ್ಲಿ ಸುಮ್ಮನೆ ಹೋಗಿ ಕೂರು. ಅಲ್ಲಿ ಭಾರತಶಾಸ್ತ್ರದ ವಿಭಾಗವಿದೆ. ಸಂಸ್ಕೃತವನ್ನು ಜರ್ಮನ್ ಹುಡುಗರು ವ್ಯಾಕರಣದ ಬಾಗಿಲಿನಿಂದ ಹೇಗೆ ಪ್ರವೇಶಿಸುತ್ತಾರೆ ಎಂದು ನೋಡುವುದೇ ಒಂದು ಪಾಠ.

ಕೋಣೆ ಸಿಗುವುದು ಕಷ್ಟ. ವಿನಿಮಯದ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಗುಡ್ಡದ ಮೇಲಿನ ವಾಲ್ಡ್‌ಹಾಯ್ಸರ್ ಓಸ್ಟ್ ಹಾಸ್ಟೆಲುಗಳು ಸಿಗುತ್ತವೆ. ಹಳೆಯ ಕಾಂಕ್ರೀಟ್ ಕಟ್ಟಡಗಳು, ಚಂದವೇನಿಲ್ಲ, ಹಂಚಿಕೊಳ್ಳುವ ಅಡುಗೆಮನೆ. ಗೊಣಗದೆ ತೆಗೆದುಕೋ, ಸ್ನೇಹ ಹುಟ್ಟುವುದು ಆ ಅಡುಗೆಮನೆಯಲ್ಲೇ. ಸಾರಿನ ಒಗ್ಗರಣೆಗೆ ಹೊಗೆಯ ಅಲಾರಾಂ ಹೊಡೆದುಕೊಳ್ಳುತ್ತದೆ, ಕಿಟಕಿ ತೆರೆದಿಟ್ಟುಕೋ. ಓಸ್ಟರ್‌ಬೆರ್ಗ್ ಗುಡ್ಡದ ಮೇಲೆ ಅರಮನೆಯಂಥ ಮನೆಗಳಲ್ಲಿ ಅಗ್ಗದ ಕೋಣೆಗಳ ಜಾಹೀರಾತು ಕಾಣುತ್ತದೆ. ಅವು ಹಳೆಯ ವಿದ್ಯಾರ್ಥಿ ಸಂಘಗಳವು, ಹೆಚ್ಚಿನವು ಗಂಡಸರವು. ಕೆಲವು ಸಂಘಗಳಲ್ಲಿ ಇವತ್ತಿಗೂ ಕತ್ತಿ ಕಾಳಗ ನಡೆಯುತ್ತದೆ. ಔತಣಕ್ಕೆ ಕರೆದರೆ ಯಾವ ಸಂಘ, ಅವರ ವಿಚಾರವೇನು ಎಂದು ಕೇಳಿ ತಿಳಿದ ಮೇಲೆ ಹೋಗು. ಕಣ್ಣಿಂದ ನೋಡದ ಕೋಣೆಗೆ ಯಾರಿಗೂ ಮುಂಗಡ ಕಳಿಸಬೇಡ, ಜರ್ಮನ್ ಹೆಸರಿದ್ದ ಮಾತ್ರಕ್ಕೆ ಪ್ರಾಮಾಣಿಕರಾಗುವುದಿಲ್ಲ.

ತಿನ್ನುವುದರಲ್ಲಿ ಒಂದು ಎಚ್ಚರಿಕೆ. ಮೌಲ್‌ಟಾಶೆನ್ ಎಂಬ ಕಡುಬು ಆ ಸೀಮೆಯ ಹೆಮ್ಮೆ. ಉಪವಾಸದ ದಿನ ದೇವರ ಕಣ್ಣು ತಪ್ಪಿಸಿ ಮಾಂಸ ತಿನ್ನಲು ಹಿಟ್ಟಿನೊಳಗೆ ಮುಚ್ಚಿದರು ಎಂದು ಅವರೇ ತಮಾಷೆ ಮಾಡುತ್ತಾರೆ. ದೇವರನ್ನೇ ಏಮಾರಿಸಿದ್ದು ನಿನ್ನನ್ನು ಬಿಟ್ಟೀತೆ? ತರಕಾರಿಯದೂ ಸಿಗುತ್ತದೆ, ಕೇಳಿ ತೆಗೆದುಕೋ.

ಸ್ಟುಟ್‌ಗಾರ್ಟ್ ರೈಲಿನಲ್ಲಿ ಗಂಟೆಯೊಳಗಿನ ದಾರಿ. ಬಾಷ್, ಮರ್ಸಿಡಿಸ್ ಕಂಪನಿಗಳ ಊರು. ಎರಡಕ್ಕೂ ಬೆಂಗಳೂರಿನಲ್ಲಿ ದೊಡ್ಡ ಕಚೇರಿಗಳಿರುವುದರಿಂದ ಅಲ್ಲಿ ಕನ್ನಡದ ಮನೆಗಳಿಗೆ ಬರವಿಲ್ಲ. ರಾಜ್ಯೋತ್ಸವಕ್ಕೋ ದೀಪಾವಳಿಗೋ ಕರೆದರೆ ಹೋಗು, ಹೊಟ್ಟೆ ತುಂಬ ಬಿಸಿಬೇಳೆಬಾತ್ ಉಂಡು ಬಾ. ಪ್ರತಿ ಶನಿವಾರ ಹೋಗಿ ಕೂತರೆ ನೀನು ಹೋದದ್ದು ಸ್ಟುಟ್‌ಗಾರ್ಟಿನ ಜಯನಗರಕ್ಕೆ ಎಂದಾಗುತ್ತದೆ.

ನವೆಂಬರ್ 9ರಂದು ಮಾತ್ರ ಊರಿನಲ್ಲೇ ಇರು. 1938ರ ಆ ರಾತ್ರಿ ಗಾರ್ಟನ್‌ಶ್ಟ್ರಾಸೆಯಲ್ಲಿದ್ದ ಯಹೂದಿಗಳ ಪ್ರಾರ್ಥನಾಮಂದಿರಕ್ಕೆ ನಾಜಿಗಳು ಬೆಂಕಿಯಿಟ್ಟರು. ಈಗ ಅಲ್ಲೊಂದು ಸ್ಮಾರಕವಿದೆ. ವಿಶ್ವವಿದ್ಯಾಲಯ ಕಟ್ಟಿದ ಗಡ್ಡದ ಎಬರ್‌ಹಾರ್ಡನೇ ಯಹೂದಿಗಳನ್ನು ಊರು ಬಿಡಿಸಿದವನು ಕೂಡ. ಊರ ಸ್ಮಶಾನದಲ್ಲಿ, ಹೋಲ್ಡರ್ಲಿನ್ ಮಲಗಿರುವ ಅದೇ ಸ್ಮಶಾನದಲ್ಲಿ, ‘ಎಕ್ಸ್’ ಎಂದು ಗುರುತಿಸಿದ ಒಂದು ಭಾಗವಿದೆ. ನಾಜಿಗಳು ಕೊಂದವರ ದೇಹಗಳನ್ನು ವಿಶ್ವವಿದ್ಯಾಲಯದ ಅಂಗರಚನಾ ವಿಭಾಗ ಪಾಠಕ್ಕೆ ಬಳಸಿತು, ಆಮೇಲೆ ಅಲ್ಲಿ ಹೂಳಲಾಯಿತು. ಜೀವವಿಜ್ಞಾನ ಓದುವವಳು ನೀನು, ಕೋಟೆಯ ಅಡುಗೆಮನೆ ನೋಡಿದ ಮೇಲೆ ಇದನ್ನೂ ನೋಡಬೇಕು. ಅಲ್ಲಿಯವರು ಇದನ್ನು ಮುಚ್ಚಿಟ್ಟಿಲ್ಲ. ನೀನು ಕೇಳಿದರೆ ಹೇಳುತ್ತಾರೆ, ನಿಧಾನವಾಗಿ. ಹೇಳಿದ ಮೇಲೆ ‘ನಿಮ್ಮಲ್ಲಿ ಜಾತಿ ಹೇಗೆ?’ ಎಂದು ಕೇಳುತ್ತಾರೆ. ಆಗ ‘ಅದೆಲ್ಲ ಈಗಿಲ್ಲ’ ಎಂದು ಜಾರಿಕೊಳ್ಳಬೇಡ.

ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಬೆಳಕಿಲ್ಲದಿರುವುದು ಚಳಿಗಿಂತ ಕೆಟ್ಟದ್ದು. ಮನಸ್ಸು ಕುಸಿದಂತಾದರೆ ಮಧ್ಯಾಹ್ನವೇ ಒಂದು ಗಂಟೆ ಹೊರಗೆ ನಡೆ, ಹಾಸಿಗೆಯಲ್ಲಿ ಫೋನ್ ಹಿಡಿದು ಬಿದ್ದುಕೊಳ್ಳಬೇಡ. ವಾರವಾದರೂ ಸರಿಹೋಗದಿದ್ದರೆ ವಿದ್ಯಾರ್ಥಿಗಳಿಗೆಂದೇ ಆಪ್ತಸಲಹೆಯ ಏರ್ಪಾಡಿದೆ, ನಾಚಿಕೆ ಬಿಟ್ಟು ಹೋಗು. ಆ ಊರಿನ ಕ್ರಿಸ್‌ಮಸ್ ಸಂತೆ ಬೇರೆ ಊರುಗಳಂತೆ ತಿಂಗಳಿಡೀ ಇರುವುದಿಲ್ಲ, ಒಂದು ವಾರಾಂತ್ಯ ಮಾತ್ರ, ದಿನಾಂಕ ನೋಡಿಕೋ. ಡಿಸೆಂಬರ್ 24ರ ಮಧ್ಯಾಹ್ನ ಊರಿಗೆ ಬೀಗ ಬೀಳುತ್ತದೆ. ಹಾಸ್ಟೆಲ್ ಖಾಲಿಯಾಗುತ್ತದೆ. ನಿನ್ನ ಪಟ್ಟಿಯಲ್ಲಿ ಉಳಿಸಿಕೊಂಡ ಎರಡು ಊರುಗಳಲ್ಲಿ ಒಂದಕ್ಕೆ ಅದೇ ಸಮಯ. ಇಲ್ಲವೇ ಯಾರಾದರೂ ಗೆಳತಿ ಮನೆಗೆ ಕರೆದರೆ ಎರಡನೇ ಯೋಚನೆ ಮಾಡದೆ ಹೊರಡು. ಅವರು ಉಪಚಾರಕ್ಕೆ ಕರೆಯುವವರಲ್ಲ, ಕರೆದರೆಂದರೆ ಬರಲಿ ಎಂದೇ ಕರೆದಿರುತ್ತಾರೆ.

ದುಡ್ಡು ಕಾಗದಗಳ ಮಾತು ಸ್ವಲ್ಪ. ವೀಸಾಕ್ಕೆ ಬೇಗ ಅರ್ಜಿ ಹಾಕು. ಖರ್ಚಿನ ಹಣ ಮೊದಲೇ ಕಟ್ಟಿಡುವ ಬ್ಲಾಕ್ಡ್ ಅಕೌಂಟಿನಲ್ಲಿ ತೋರಿಸಬೇಕಾದದ್ದು 2024ರಿಂದ ತಿಂಗಳಿಗೆ 992 ಯೂರೋ ಆಗಿದೆ, ಹೊರಡುವ ಮೊದಲು ಮತ್ತೊಮ್ಮೆ ವಿಚಾರಿಸು. ಟ್ಯೂಬಿಂಗನ್ ಇರುವ ರಾಜ್ಯದಲ್ಲಿ ಯೂರೋಪಿನಾಚೆಯವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಇದೆ. ಎರಡು ವಿಶ್ವವಿದ್ಯಾಲಯಗಳ ಒಪ್ಪಂದದ ಮೇಲೆ ಹೋಗುವ ನಿನ್ನಂಥವರಿಗೆ ಅದಿಲ್ಲ. ಅದನ್ನೂ ಕಾಗದದಲ್ಲಿ ತೆಗೆದುಕೋ. ತಲುಪಿ ಎರಡು ವಾರದೊಳಗೆ ನಗರಸಭೆಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಮನೆ ಕೊಟ್ಟವರ ಸಹಿಯ ಪತ್ರ ಜೊತೆಗಿರಲಿ. ಅದಾಗದೆ ಬೇರೆ ಯಾವ ಕೆಲಸವೂ ಮುಂದಕ್ಕೆ ಹೋಗುವುದಿಲ್ಲ.

ಬರುವಾಗಲೂ ಅಷ್ಟೇ. ತರಗತಿ ಮುಗಿಯುವುದು ಫೆಬ್ರವರಿ ಮಧ್ಯಕ್ಕೆ. ಅಷ್ಟು ಹೊತ್ತಿಗೆ ಇಲ್ಲಿ ನಿನ್ನ ಮುಂದಿನ ಸೆಮಿಸ್ಟರ್ ಶುರುವಾಗಿರುತ್ತದೆ, ಹಾಜರಾತಿಗೆ ಈಗಲೇ ಲಿಖಿತ ಅನುಮತಿ ಪಡೆ. ಅಲ್ಲಿ ಪರೀಕ್ಷೆಗಿಂತ ಹೆಚ್ಚಾಗಿ ದೀರ್ಘ ಪ್ರಬಂಧ ಬರೆಸುವ ಮೇಷ್ಟರೂ ಇದ್ದಾರೆ, ಅದರ ಗಡುವು ರಜೆಯಲ್ಲಿರುತ್ತದೆ. ಇಲ್ಲಿಗೆ ಬಂದು ಬರೆಯುತ್ತೇನೆ ಎಂದುಕೊಳ್ಳಬೇಡ, ಬರೆದು ಕೊಟ್ಟೇ ವಿಮಾನ ಹತ್ತು. ವಿಳಾಸದ ನೋಂದಣಿ ರದ್ದು ಮಾಡಿಸು, ವಿಮೆ ನಿಲ್ಲಿಸು, ಕೋಣೆಯ ಠೇವಣಿ ಯಾವ ಖಾತೆಗೆ ಬರಬೇಕೆಂದು ಬರೆದುಕೊಡು. ಜೊತೆಗೆ ಆ ಸಂತೆಯ ಹೆಂಗಸಿಗೆ ಹೊರಡುವ ಹಿಂದಿನ ಶುಕ್ರವಾರ ಹೋಗಿ ಹೇಳಿ ಬಾ. ಸುಮ್ಮನೆ ಕಾಣೆಯಾದರೆ ಚಳಿಗೆ ಹುಷಾರು ತಪ್ಪಿತೇನೋ ಎಂದುಕೊಂಡಾಳು.